'ನಿರ್ದೇಶಕ' ಅಂತ ಬರೆಯುವ ಮೊದಲು

ಪ್ರೀತಿಯ ಗೆಳೆಯಾ,

ಜಪಾನಿನ ಅನಿಮೇಶನ್ ಕಲಾವಿದ ಯೋಶಿಫುಮಿ ಕೊಂಡೊ ಬಗ್ಗೆ ನೀನು ಬರೆದ ಲೇಖನ ಓದಿದೆ. ಎರಡು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯೋದೇ ಬೇಡ ಅನ್ನಿಸಿದೆ ಅಂದಿದ್ದೀಯ. ಶೀರ್ಷಿಕೆ ಹೇಗಿಡಬೇಕು, ಪ್ಯಾರಾ ಎಷ್ಟುದ್ದ ಇರಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅದನ್ನು ಬಿಡು, ಬರೀತಾ ಬರುತ್ತೆ. ನನ್ನ ತಕರಾರು ಒಂದೇ. ಆತ ದಿನವಿಡೀ ಮೇಜಿನ ಮುಂದೆ ಕೂತು ಏನು ಮಾಡುತ್ತಿದ್ದ ಅನ್ನೋದು ನಿನ್ನ ಲೇಖನದಲ್ಲಿ ಎಲ್ಲೂ ಇಲ್ಲ.

ನಾಲ್ಕನೇ ಸಾಲಲ್ಲೇ ಎಡವಿದ್ದೀಯ, 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಚಿತ್ರದ ನಿರ್ದೇಶಕ ಕೊಂಡೊ ಅಂತ ಬರೆದಿದ್ದೀಯ. 1988ರ ಆ ಚಿತ್ರ ನಿರ್ದೇಶಿಸಿದ್ದು ಇಸಾವೊ ತಕಹಾತ. ಕೊಂಡೊ ಅದರ ಪಾತ್ರ ವಿನ್ಯಾಸಕ ಮತ್ತು 'ಸಾಕುಗಾ ಕಾಂತೊಕು'. ಈ ಪದ ಇಂಗ್ಲಿಷಿನಲ್ಲಿ ಅನಿಮೇಶನ್ ಡೈರೆಕ್ಟರ್ ಆಗಿ, ಕನ್ನಡಕ್ಕೆ ಬರೋ ಹೊತ್ತಿಗೆ ಬರೀ ನಿರ್ದೇಶಕ ಆಗಿಬಿಡುತ್ತೆ. ಇಬ್ಬರಿಗೂ ಅನ್ಯಾಯ.

ಸಾಕುಗಾ ಕಾಂತೊಕು ಅಂದರೆ ತಿದ್ದುವವನು. ಒಂದೊಂದು ಶಾಟಿನ ಮುಖ್ಯ ಭಂಗಿಗಳನ್ನು, ಅಂದರೆ ಗೆಂಗಾ, ಬೇರೆ ಬೇರೆ ಕಲಾವಿದರು ಬರೀತಾರೆ. ಒಬ್ಬರ ಕೈಯಲ್ಲಿ ನಾಲ್ಕು ವರ್ಷದ ಮಗು ಇನ್ನೊಬ್ಬರ ಕೈಯಲ್ಲಿ ಏಳು ವರ್ಷದ್ದಾಗಿ ಬೆಳೆದುಬಿಡಬಹುದು. ಆ ಹಾಳೆಯ ಮೇಲೆ ತೆಳುವಾದ ಬಣ್ಣದ ಕಾಗದ ಇಟ್ಟು, ಅಡಿಯಿಂದ ಬೆಳಕು ಬಿಟ್ಟು, ತಪ್ಪಿದಷ್ಟನ್ನು ಮಾತ್ರ ಮತ್ತೆ ಬರೆಯಬೇಕು. ನಡುವಿನ ಚಿತ್ರಗಳನ್ನು ತುಂಬುವವರಿಗೆ ಹೋಗೋದು ಆಮೇಲೆ. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ 12 ಚಿತ್ರ ಬೇಕು, ಮೂರು ಮೂರು ನಿಲ್ಲಿಸಿದರೆ 8. ಒಂದು ಮುಖ್ಯ ಭಂಗಿಯಲ್ಲಿ ಕಣ್ಣು ಕೂದಲೆಳೆಯಷ್ಟು ಮೇಲೆ ಹೋದರೆ ಸಾಕು, ಅಕ್ಕಪಕ್ಕದ ಚಿತ್ರಗಳೆಲ್ಲ ಅದರ ಹಿಂದೆ ಹೋಗುತ್ತವೆ.

'ಅದ್ಭುತ ಪ್ರತಿಭೆ' ಅಂತ ಮೂರು ಸಲ ಬರೆದಿದ್ದೀಯ. ಮೂರನ್ನೂ ಹೊಡೆದುಹಾಕಿ, ಆ ಜಾಗದಲ್ಲಿ ಕೆನ್ನೆಯ ಒಂದು ಗೆರೆ ಬರಿ. 1991ರ 'ಓನ್ಲಿ ಯೆಸ್ಟರ್‌ಡೇ'ಯಲ್ಲಿ 27 ವರ್ಷದ ತಾಯೆಕೊ ನಕ್ಕರೆ ಕೆನ್ನೆಯ ಸ್ನಾಯು ಮೇಲೇಳುತ್ತೆ, ಅಲ್ಲೊಂದು ಗೆರೆ ಬೀಳುತ್ತೆ. ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಮೊದಲು, ದನಿ ಆಮೇಲೆ. ಇಲ್ಲಿ ತಾಯೆಕೊ ದೊಡ್ಡವಳಾಗಿರುವ ಭಾಗಕ್ಕೆ ದನಿಯನ್ನು ಮೊದಲೇ ಮುದ್ರಿಸಿ, ಅದಕ್ಕೆ ತಕ್ಕಂತೆ ಮುಖ ಬರೆದರು. ಸೆಲ್, ಅಂದರೆ ಚಿತ್ರಕ್ಕೆ ಬಣ್ಣ ತುಂಬುವ ಪಾರದರ್ಶಕ ಹಾಳೆ, ಅದರ ಮೇಲಿನ ಬಣ್ಣ ಚಪ್ಪಟೆ, ನೆರಳಿನ ಸಹಾಯ ಇಲ್ಲ. ಮಾಂಸದ ಉಬ್ಬನ್ನೆಲ್ಲ ಆ ಗೆರೆಯೇ ಹೇಳಬೇಕು. ಸ್ವಲ್ಪ ಉದ್ದವಾದರೆ ಹುಡುಗಿಗೆ ನಲವತ್ತು ದಾಟುತ್ತೆ. ಮುಖ ತಿರುಗುವಾಗ ಗೆರೆಯೂ ಜೊತೆಗೆ ತಿರುಗದಿದ್ದರೆ ಗಾಯದ ಕಲೆ ತೇಲಿದ ಹಾಗೆ ಕಾಣುತ್ತೆ. ಇಷ್ಟು ಬರೆದ ಮೇಲೆ ಪ್ರತಿಭೆ ಅನ್ನೋ ಪದ ನಿನಗೆ ಬೇಕೇ ಆಗಲ್ಲ.

ಸಾವಿನಿಂದ ಶುರು ಮಾಡಿದ್ದೀಯ. 1998ರ ಜನವರಿ 21, ವಯಸ್ಸು 47, ಮಹಾಧಮನಿ ಸೀಳಿತ್ತು. ಅಷ್ಟು ಸಾಕು. 'ಕೆಲಸವೇ ಕೊಂದಿತು' ಅಂತ ತೀರ್ಪು ಕೊಡೋಕೆ ನೀನೇನು ವೈದ್ಯನೇ? ಅದನ್ನು ಕೊನೆಗೆ ಒಯ್ಯಿ. ಆತನ ಒಂದು ಗೆರೆಯನ್ನೂ ನೋಡದ ಓದುಗ ಮೊದಲ ಸಾಲಲ್ಲೇ ಯಾಕಪ್ಪಾ ಅಳಬೇಕು?

ಆದರೂ ಈ ಲೇಖನ ಹರಿದುಹಾಕಬೇಡ. 1979ರ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' ಸರಣಿಯ ಬಗ್ಗೆ ಬರೆದ ಆರು ಸಾಲು ನಿನ್ನ ಕಣ್ಣಿನಿಂದಲೇ ಬಂದಿವೆ. ಅಗಲ ಹಣೆಯ, ಚುಕ್ಕೆ ಮುಖದ ಬಡಕಲು ಹುಡುಗಿ 50 ಕಂತುಗಳಲ್ಲಿ ಚೆಲುವೆಯಾಗಿ ಬೆಳೆಯೋದನ್ನು ನೀನು ಗಮನಿಸಿದ್ದೀಯ. ಮುಂದೆ ಚೆಲುವಾಗಬಲ್ಲ ಮೂಳೆಗಳನ್ನು ಮೊದಲ ಕಂತಿನಲ್ಲೇ ಇಡಬೇಕಿತ್ತು, ಕೊಂಡೊ ಇಟ್ಟಿದ್ದಾರೆ. ಮೊದಲ ಕಂತು, ಕೊನೆಯ ಕಂತು ಎರಡನ್ನೂ ನಿಲ್ಲಿಸಿ, ಒಂದೇ ಕೋನದ ಮುಖ ಹುಡುಕಿ, ತೆಳು ಕಾಗದದಲ್ಲಿ ನಕಲು ತೆಗೆ. ಹಣೆ, ಕಣ್ಣು, ಗಲ್ಲದ ಅಳತೆ ಬರೆದುಕೋ. ಚಿತ್ರ ಬರಲ್ಲ ಅನ್ನೋ ನೆಪ ಬೇಡ, ಗೆರೆ ಸೊಟ್ಟಗಾದರೂ ಅಳತೆ ಸಿಗುತ್ತೆ.

ಇನ್ನು 1995ರ 'ವಿಸ್ಪರ್ ಆಫ್ ದಿ ಹಾರ್ಟ್'. ಆತ ನಿರ್ದೇಶಿಸಿದ ಒಂದೇ ಪೂರ್ಣ ಪ್ರಮಾಣದ ಚಿತ್ರ, ಅದಕ್ಕೆ ನೀನು ಕೊಟ್ಟಿದ್ದು ಎರಡು ಸಾಲು! ಚಿತ್ರಕಥೆ, ಸ್ಟೋರಿಬೋರ್ಡ್ (ಒಂದೊಂದು ಶಾಟನ್ನೂ ಮೊದಲೇ ಚಿತ್ರದಲ್ಲಿ ಬರೆದಿಡುವ ನಕ್ಷೆ) ಎರಡೂ ಹಯಾವೊ ಮಿಯಾಝಾಕಿ ಅವರದು. ಹಾಗಾದರೆ ಕೊಂಡೊಗೆ ಮಾಡೋಕೆ ಉಳಿದದ್ದೇನು? ಚಿತ್ರವನ್ನು ದನಿ ಇಲ್ಲದೆ ಒಮ್ಮೆ ನೋಡಿ, ಹುಡುಗಿ ನಡೆಯೋದು, ಕೂರೋದು, ಪುಸ್ತಕ ಹಿಡಿಯೋದು ಮಾತ್ರ ಗುರುತು ಹಾಕಿಕೊಂಡು ಎರಡು ಪುಟ ಬರೆದು ಕಳಿಸು. ವಿಶೇಷಣ ಕಂಡರೆ ಮುಂದೆ ಓದಲ್ಲ.

ನಿನ್ನ,
ಹಿರಿಯ ಗೆಳೆಯ