ಹಳದಿ ಮುಚ್ಚಳದ ಎರಡು ಬಾಟಲಿ

ಬೆಲ್ಜಿಯಂನ ವೆಸ್ಟ್‌ವ್ಲೆಟೆರೆನ್ ಹಳ್ಳಿಯ ಸೇಂಟ್ ಸಿಕ್ಸ್ಟಸ್ ಮಠದ ಬಾಗಿಲಲ್ಲಿ 2014ರ ಅಕ್ಟೋಬರಿನಲ್ಲಿ ನನಗೆ ನೆರವಾದ, ನಾನು ಹೆಸರು ಕೇಳಲೂ ಮರೆತ ಹಿರಿಯರಿಗೆ ಈ ಕೃತಜ್ಞತೆ ಸಲ್ಲಬೇಕು. ಸನ್ಯಾಸಿಗಳೇ ತಯಾರಿಸುವ ಅಲ್ಲಿನ '12' ಎಂಬ ಬಿಯರನ್ನು, ಮೊದಲೇ ಫೋನ್ ಮಾಡಿ ಕಾರಿನ ನಂಬರು ಬರೆಸಿದವರಿಗಷ್ಟೇ ಪೆಟ್ಟಿಗೆಗಟ್ಟಲೆ ಕೊಡುತ್ತಿದ್ದರು. ಪೋಪರಿಂಗೆಯಿಂದ ಸೈಕಲ್ ತುಳಿದು ಹೋಗಿದ್ದ ನನಗೆ ಕಾರೆಲ್ಲಿಂದ ಬರಬೇಕು? 24 ಬಾಟಲಿಗಳ ಮರದ ಪೆಟ್ಟಿಗೆಯನ್ನು ತಮ್ಮ ಕಾರಿನ ಡಿಕ್ಕಿಗೆ ಏರಿಸುತ್ತಿದ್ದ ಆ ಹಿರಿಯರು ನನ್ನ ಪೆಚ್ಚುಮೋರೆ ಕಂಡು, ಲೇಬಲ್ಲಿಲ್ಲದ, ಹಳದಿ ಮುಚ್ಚಳದ ಎರಡು ಬಾಟಲಿಗಳನ್ನು ತೆಗೆದು ಕೈಗಿತ್ತರು. ಹಣ ಚಾಚಿದರೆ, ಮರುಮಾರಾಟ ಮಾಡಬಾರದೆಂಬುದು ಮಠದ ಕಟ್ಟುಪಾಡು ಎಂದು ನಕ್ಕು ನಿರಾಕರಿಸಿದರು. ಶೇಕಡಾ 10.2 ಮದ್ಯಾಂಶದ ಆ ಕಡುಗಂದು ಬಿಯರಿನಲ್ಲಿ ಒಣದ್ರಾಕ್ಷಿಯ, ಕರಗಿದ ಬೆಲ್ಲದ ರುಚಿಯಿತ್ತು. ಎರಡನೆಯ ಬಾಟಲಿಯನ್ನು ವರ್ಷವಿಡೀ ಕಾಪಿಟ್ಟು, ಅವರನ್ನೇ ನೆನೆದು ತೆರೆದೆ.