ಹೊರಡುವಾಗ ತಡವರಿಸುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್: ಮೂರು ಭೇಟಿಗಳ ನಂತರದ ಲಿಖಿತ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ನಿಂತಲ್ಲಿಂದ ಅಥವಾ ನಿಧಾನಗತಿಯಿಂದ ಮುಂದಕ್ಕೆ ಹೊರಡುವಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಡವಾಗಿ ಸ್ಪಂದಿಸುತ್ತಿರುವ ಬಗ್ಗೆ.

ಲಗತ್ತು: ಮೂರು ಜಾಬ್ ಕಾರ್ಡ್‌ಗಳ (ಸರ್ವೀಸ್ ಸೆಂಟರ್‌ನ ಕೆಲಸದ ಚೀಟಿಗಳ) ಪ್ರತಿ, ಇಪ್ಪತ್ತು ವಿಡಿಯೊ ತುಣುಕುಗಳು, ಅಳತೆಗಳ ಪಟ್ಟಿ.

ಮಾನ್ಯರೇ,

ತಮ್ಮ ಸಂಸ್ಥೆ ತಯಾರಿಸಿದ, ಟರ್ಬೊ ಪೆಟ್ರೋಲ್ ಎಂಜಿನ್ ಮತ್ತು ಏಳು ಗೇರ್‌ಗಳ ಡ್ಯುಯಲ್ ಕ್ಲಚ್ (ಬೆಸ ಗೇರ್‌ಗಳಿಗೊಂದು, ಸಮ ಗೇರ್‌ಗಳಿಗೊಂದು ಕ್ಲಚ್) ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರನ್ನು ನಾನು ಕೊಂಡು ಹದಿನಾಲ್ಕು ತಿಂಗಳಾದವು. ಈವರೆಗೆ ಅದು 11,000 ಕಿಲೋಮೀಟರ್‌ಗಳಿಗಿಂತ ಸ್ವಲ್ಪ ಹೆಚ್ಚು ಓಡಿದೆ. ಒಮ್ಮೆ ವೇಗ ಹಿಡಿದ ಮೇಲೆ ಗೇರ್ ಬದಲಾದದ್ದೇ ಗೊತ್ತಾಗದಷ್ಟು ನಯವಾಗಿ ಓಡುತ್ತದೆ, ಹೆದ್ದಾರಿಯಲ್ಲಿ ಅದರ ಬಗ್ಗೆ ನನ್ನ ಯಾವ ತಕರಾರೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ದೂರು ಹೊರಡುವ ಮೊದಲ ಒಂದೆರಡು ಸೆಕೆಂಡುಗಳದ್ದು. ಆಕ್ಸಿಲರೇಟರ್ ಒತ್ತಿದ ಮೇಲೂ ಕಾರು ಕೆಲವೊಮ್ಮೆ ಏನೂ ಕೇಳಿಸಿಕೊಳ್ಳದಂತೆ ನಿಂತೇ ಇರುತ್ತದೆ. ಆಮೇಲೆ ಕೇಳಿದ್ದಕ್ಕಿಂತ ಹೆಚ್ಚು ರಭಸದಿಂದ ಮುಂದಕ್ಕೆ ನುಗ್ಗುತ್ತದೆ. ಇದೇ ವಿಷಯಕ್ಕಾಗಿ ತಮ್ಮ ಅಧಿಕೃತ ಸರ್ವೀಸ್ ಸೆಂಟರ್‌ಗೆ ಮೂರು ಬಾರಿ ಹೋಗಿದ್ದೇನೆ. ಮೂರು ಬಾರಿಯೂ ಉಳಿಯುವ ಪರಿಹಾರವಾಗಲಿ ಲಿಖಿತ ವಿವರಣೆಯಾಗಲಿ ಸಿಗದ್ದರಿಂದ ಈ ಪತ್ರವನ್ನು ನೇರವಾಗಿ ತಮಗೆ ಬರೆಯುತ್ತಿದ್ದೇನೆ.

ತೊಂದರೆ ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಕಾಣಿಸುತ್ತದೆ. ಮೊದಲನೆಯದು ಸಿಗ್ನಲ್‌ನಲ್ಲಿ ಪೂರ್ತಿ ನಿಂತು ಹೊರಡುವಾಗ. ಆಗ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ಎಂಜಿನ್ ಅನ್ನು ಆರಿಸಿರುತ್ತದೆ, ಆಟೊ ಹೋಲ್ಡ್ ಬ್ರೇಕನ್ನು ಹಿಡಿದಿಟ್ಟಿರುತ್ತದೆ. ಪೆಡಲ್ ಒತ್ತಿದೊಡನೆ ಎಂಜಿನ್ ಮತ್ತೆ ಶುರುವಾಗಬೇಕು, ಅದರ ಸುತ್ತುಗಳು ಸ್ಥಿರವಾಗಬೇಕು, ಕ್ಲಚ್ ಹಿಡಿದುಕೊಳ್ಳಬೇಕು, ಚಕ್ರಗಳಿಗೆ ಸಾಕಷ್ಟು ಎಳೆತ ಬಂದಿದೆಯೆಂದು ಖಚಿತವಾದ ಮೇಲೆ ಬ್ರೇಕ್ ಬಿಡಬೇಕು. ಕಡತವೊಂದು ಮೇಜಿನಿಂದ ಮೇಜಿಗೆ ಸಹಿಗಾಗಿ ಸಾಗುವ ಹಾಗೆ ಒಂದರ ಒಪ್ಪಿಗೆಗೆ ಇನ್ನೊಂದು ಕಾಯುತ್ತದೆ. ಇದು ಕಿರಿಕಿರಿಯ ವಿಷಯವೇ ಹೊರತು ಅಪಾಯದ್ದಲ್ಲ ಎಂದು ನಾನೂ ಬಹುಮಟ್ಟಿಗೆ ಒಪ್ಪುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಅಷ್ಟೆ. ಸ್ಟಾರ್ಟ್-ಸ್ಟಾಪ್ ಅನ್ನು ಗುಂಡಿ ಒತ್ತಿ ಆರಿಸಬಹುದು ನಿಜ, ಆದರೆ ಕಾರನ್ನು ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಅದು ತಾನಾಗಿಯೇ ಚಾಲೂ ಆಗಿರುತ್ತದೆ.

ಎರಡನೆಯ ಸಂದರ್ಭವೇ ನಿಜವಾಗಿ ಭಯ ಹುಟ್ಟಿಸುವಂಥದ್ದು, ಮತ್ತು ಸರ್ವೀಸ್ ಸೆಂಟರ್‌ನವರಿಗೆ ನಾನು ಎಷ್ಟು ವಿವರಿಸಿದರೂ ಅರ್ಥವಾಗದೆ ಉಳಿದಿರುವುದೂ ಅದೇ. ವೃತ್ತವನ್ನೋ ಅಡ್ಡರಸ್ತೆಯನ್ನೋ ಸಮೀಪಿಸುವಾಗ ವೇಗ ತಗ್ಗಿಸಿ, ಪೂರ್ತಿ ನಿಲ್ಲದೆ, ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಉರುಳುತ್ತಿರುತ್ತೇವೆ. ದಾರಿ ತೆರವಾದದ್ದು ಕಂಡು ಪೆಡಲ್ ಒತ್ತುತ್ತೇವೆ. ಆ ಕ್ಷಣದಲ್ಲಿ ಗೇರ್‌ಬಾಕ್ಸ್ ನಿಲ್ಲುವ ಸಿದ್ಧತೆಯಲ್ಲಿ ಕ್ಲಚ್ ಅನ್ನು ಬಿಡುತ್ತಿರುತ್ತದೆ. ಹೊಸ ಆದೇಶ ಬಂದಾಗ ಎರಡನೆಯ ಗೇರ್‌ನಲ್ಲೇ ಮುಂದುವರಿಯಬೇಕೋ ಒಂದನೆಯದಕ್ಕೆ ಇಳಿಯಬೇಕೋ ಎಂಬುದನ್ನು ಅದು ಹೊಸದಾಗಿ ತೀರ್ಮಾನಿಸಬೇಕು. ಒಂದಕ್ಕೆ ಇಳಿಯುವುದಾದರೆ ಸಮ ಗೇರ್‌ಗಳ ಕ್ಲಚ್ ಬಿಟ್ಟು ಬೆಸ ಗೇರ್‌ಗಳ ಕ್ಲಚ್ ಹಿಡಿಯಬೇಕು. ಅಷ್ಟರಲ್ಲಿ ಎಂಜಿನ್ ಸುತ್ತು ತೀರಾ ಕೆಳಗಿದ್ದು, ಎಂಜಿನ್‌ನ ಹೊಗೆಯಿಂದಲೇ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೊಗೆ ಬೇಕಾದಷ್ಟು ಹೊಗೆಯ ಹರಿವು ಇಲ್ಲದ ಕಾರಣ ಎಂಜಿನ್‌ನಿಂದಲೂ ಎಳೆತ ಬರುವುದಿಲ್ಲ. ಎರಡು ಬೇರೆ ಬೇರೆ ವಿಳಂಬಗಳು ಒಂದರ ಬೆನ್ನಿಗೆ ಒಂದು ಬಂದು ಕೂರುತ್ತವೆ. ಚಾಲಕನಿಗೆ ಮಾತ್ರ ಗೊತ್ತಾಗುವುದು ಇಷ್ಟೇ: ಕಾಲು ಪೆಡಲ್ ಮೇಲಿದೆ, ಕಾರು ರಸ್ತೆಯ ನಡುವಿನಲ್ಲಿದೆ, ಎಂಜಿನ್ ಸದ್ದು ಏರುತ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ.

ಎರಡು ತಿಂಗಳ ಹಿಂದೆ ಎದುರಿನಿಂದ ಬರುವ ವಾಹನಗಳಿಗೆ ಅಡ್ಡಲಾಗಿ ತಿರುಗುವಾಗ ನನಗೆ ಹೀಗೇ ಆಯಿತು. ಎದುರಿನ ಲಾರಿ ಸಾಕಷ್ಟು ದೂರದಲ್ಲಿತ್ತು. ಯಾವ ಸಾಮಾನ್ಯ ಕಾರಾದರೂ ನಿರಾಯಾಸವಾಗಿ ದಾಟಬಹುದಾದಷ್ಟು ದೂರ. ತಿರುವು ಶುರುಮಾಡಿ ಪೆಡಲ್ ಒತ್ತಿದಾಗ ಕಾರು ಎದುರು ಲೇನಿನ ಅರ್ಧದಲ್ಲಿ ಬಾಯಿ ಕಳೆದುಕೊಂಡವರಂತೆ ನಿಂತಿತು. ನಾನು, ಯಾರಾದರೂ ಮಾಡುವ ಹಾಗೆ, ಪೆಡಲನ್ನು ಇನ್ನಷ್ಟು ಒತ್ತಿದೆ. ಆಗ ಎಳೆತ ಒಮ್ಮೆಗೇ ಬಂದು ಕಾರು ಚಿಮ್ಮಿತು, ಮುಂದಿನ ಚಕ್ರಗಳು ಕಿರುಚಿದವು, ಆಚೆ ಬದಿಯಲ್ಲಿ ರಸ್ತೆ ದಾಟಲು ಕಾಯುತ್ತಿದ್ದ ಇಬ್ಬರು ಗಾಬರಿಯಿಂದ ಹಿಂದೆ ಸರಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದೂವರೆ ಸೆಕೆಂಡಿನಲ್ಲಿ 25 ಮೀಟರ್ ಕ್ರಮಿಸುತ್ತದೆ ಎಂಬ ಲೆಕ್ಕವನ್ನು ನಾನು ಅಂದು ಮನೆಗೆ ಬಂದ ಮೇಲೆ ಮಾಡಿದೆ, ಮತ್ತು ಅಂದಿನಿಂದ ಆ ತಿರುವಿನಲ್ಲಿ ಪೂರ್ತಿ ರಸ್ತೆ ಖಾಲಿಯಾಗುವವರೆಗೆ ಕಾಯುತ್ತಿದ್ದೇನೆ.

ಬರೀ ಅನಿಸಿಕೆಯ ಮೇಲೆ ದೂರು ಕೊಡಬಾರದೆಂದು, ನನ್ನ ಬಲಗಾಲೂ ಸ್ಪೀಡೋಮೀಟರೂ ಕಾಣುವ ಹಾಗೆ ಮೊಬೈಲ್ ಅಳವಡಿಸಿ, ಪಕ್ಕದ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ವಾಹನ ಸಂಚಾರವಿಲ್ಲದ ಸಮತಟ್ಟಾದ ಜಾಗದಲ್ಲಿ ಇಪ್ಪತ್ತು ಬಾರಿ ಹೊರಟು ನೋಡಿದೆ. ಸೆಕೆಂಡಿಗೆ 30 ಚಿತ್ರಗಳ ಲೆಕ್ಕದಲ್ಲಿ ಪೆಡಲ್ ಚಲಿಸಿದ ಚಿತ್ರದಿಂದ ಕಾರು ಎಳೆತ ಹಿಡಿದ ಚಿತ್ರದವರೆಗೆ ಎಣಿಸಿದ್ದೇನೆ. ಇದು ಪ್ರಯೋಗಾಲಯದ ಅಳತೆಯಲ್ಲ. ಒಂದೆರಡು ಚಿತ್ರ ಹೆಚ್ಚುಕಡಿಮೆ ಇರಬಹುದು. ಆದರೂ ಅತಿ ಕಡಿಮೆ ವಿಳಂಬ 0.4 ಸೆಕೆಂಡ್, ಅತಿ ಹೆಚ್ಚು 1.9 ಸೆಕೆಂಡ್ ಇರುವಾಗ ಒಂದೆರಡು ಚಿತ್ರಗಳ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿ ಸಲವೂ ಒಂದು ಸೆಕೆಂಡ್ ತಡವಾಗುವ ಗಾಡಿಯಾಗಿದ್ದರೆ ನಾನು ಹೊಂದಿಕೊಳ್ಳುತ್ತಿದ್ದೆ, ಈ ಪತ್ರವನ್ನೂ ಬರೆಯುತ್ತಿರಲಿಲ್ಲ. ನನ್ನ ತಕರಾರು ತಡದ ಬಗ್ಗೆ ಅಷ್ಟಲ್ಲ, ಎಷ್ಟು ತಡವಾಗಬಹುದೆಂದು ಮುಂಚಿತವಾಗಿ ತಿಳಿಯದಿರುವ ಬಗ್ಗೆ. ದಾಟಬಹುದೋ ಇಲ್ಲವೋ ಎಂದು ಚಾಲಕ ತೀರ್ಮಾನಿಸುವುದು ತನ್ನ ಗಾಡಿ ಹೇಗೆ ಹೊರಡುತ್ತದೆ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಯೇ ಹದಿನಾಲ್ಕು ತಿಂಗಳಾದರೂ ನನಗೆ ಬಂದಿಲ್ಲ.

ಇನ್ನು ಸರ್ವೀಸ್ ಸೆಂಟರ್‌ನ ವಿಷಯ. ಮೊದಲ ಭೇಟಿಯಲ್ಲಿ ಕಂಪ್ಯೂಟರ್ ಜೋಡಿಸಿ ನೋಡಿ, ಯಾವ ದೋಷ ಸಂಕೇತವೂ ದಾಖಲಾಗಿಲ್ಲವಾದ್ದರಿಂದ ದೋಷವೇ ಇಲ್ಲ ಎಂದರು. ದೋಷ ಸಂಕೇತ ದಾಖಲಾಗುವುದು ತಾವೇ ನಿಗದಿಪಡಿಸಿದ ಮಿತಿಯನ್ನು ಯಾವುದಾದರೂ ಅಳತೆ ಮೀರಿದಾಗ. ಮಿತಿಯೊಳಗೇ ಇದ್ದು ತಡವಾಗಿ ನಡೆಯುವ ಕೆಲಸವನ್ನು ಅದು ದಾಖಲಿಸುವುದಿಲ್ಲ. ಆಮೇಲೆ ತಂತ್ರಜ್ಞರೊಬ್ಬರು ಕಾರನ್ನು ಓಡಿಸಿ ನೋಡಿದರು. ಬಿಸಿಯಾದ ಎಂಜಿನ್, ನೇರ ರಸ್ತೆ, ನಿಂತಲ್ಲಿಂದ ಪೆಡಲನ್ನು ನೆಲಕ್ಕೆ ತಾಗುವಂತೆ ಒತ್ತಿ ಹೊರಟದ್ದು. ಕಾರು ಬಾಣದಂತೆ ಹೋಯಿತು. ‘ಪಿಕಪ್ ಚೆನ್ನಾಗಿದೆಯಲ್ಲ ಸರ್’ ಎಂದರು. ನಾನು ಹೇಳಿದ್ದು ಉರುಳುತ್ತಿರುವಾಗ, ಮೆಲ್ಲಗೆ ಒತ್ತಿದಾಗ ಆಗುವ ತೊಂದರೆಯನ್ನು. ಕೊಳ್ಳುವ ಮುನ್ನ ಮಾಡಿದ ಟೆಸ್ಟ್ ಡ್ರೈವ್ ಕೂಡ ಹೀಗೇ ಇತ್ತು ಎಂಬುದು ಈಗ ನೆನಪಾಗುತ್ತದೆ.

ಎರಡನೆಯ ಭೇಟಿಯಲ್ಲಿ ಕ್ಲಚ್ ಹಿಡಿಯುವ ಬಿಂದುವನ್ನು ಗೇರ್‌ಬಾಕ್ಸ್‌ನ ನಿಯಂತ್ರಣ ಘಟಕಕ್ಕೆ ಹೊಸದಾಗಿ ಕಲಿಸುವ ಅಡಾಪ್ಟೇಷನ್ ಮಾಡಿಕೊಟ್ಟರು. ಕ್ಲಚ್ ಸವೆದಂತೆ ಆ ಬಿಂದು ಸರಿಯುತ್ತದೆ, ಘಟಕ ಅದನ್ನು ಆಗಾಗ ಕಲಿತುಕೊಳ್ಳುತ್ತಿರಬೇಕು ಎಂದು ಅವರೇ ವಿವರಿಸಿದರು. ಇದಾದ ಮೇಲೆ ಹನ್ನೆರಡು ದಿನ ಕಾರು ಬಹಳ ಚೆನ್ನಾಗಿತ್ತು. ಹದಿಮೂರನೆಯ ದಿನದಿಂದ ಮತ್ತೆ ಹಳೆಯ ತಡವರಿಕೆ. ಮೂರನೆಯ ಬಾರಿ ಹೋದಾಗ ಸರ್ವೀಸ್ ಅಡ್ವೈಸರ್ ‘ಇದು ಈ ಗೇರ್‌ಬಾಕ್ಸ್‌ನ ಸ್ವಭಾವ, ಹೊಸ ತಂತ್ರಜ್ಞಾನ, ತಾವೇ ಹೊಂದಿಕೊಳ್ಳಬೇಕು’ ಎಂದು ಹೇಳಿ, ಜಾಬ್ ಕಾರ್ಡ್‌ನಲ್ಲಿ ‘ಸಾಮಾನ್ಯ’ ಎಂಬ ಒಂದೇ ಪದ ಬರೆದು ಕಳಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನ ಕಾರಿನ ಹುಟ್ಟುಗುಣ ಹನ್ನೆರಡು ದಿನ ಹೋಗಿ ಮರಳಿ ಬಂದಿದೆ. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಅದೇ ಚಾಲಕ ಇರುವಾಗ ಹನ್ನೆರಡು ದಿನ ಸರಿಯಿದ್ದದ್ದು ಹದಿಮೂರನೆಯ ದಿನ ಕೆಟ್ಟಿತೆಂದರೆ, ಅದು ಸ್ವಭಾವವಲ್ಲ, ಸರಿಪಡಿಸಬಹುದಾದ ಯಾವುದೋ ಒಂದು ಅಂಶ ಎಂದೇ ನಾನು ತಿಳಿಯುತ್ತೇನೆ. ಘಟಕ ತಪ್ಪಾಗಿ ಕಲಿಯುತ್ತಿದೆಯೇ, ಕ್ಲಚ್‌ಗಳೇ ಸಮನಾಗಿ ಸವೆಯುತ್ತಿಲ್ಲವೇ, ಅದನ್ನು ಹೇಳಬೇಕಾದವರು ತಮ್ಮ ಎಂಜಿನಿಯರ್‌ಗಳು.

‘ಹೊಸ ತಂತ್ರಜ್ಞಾನ’ ಎಂಬ ಮಾತಿಗೂ ಒಂದು ಉತ್ತರ. ಸಂಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ಬಂದದ್ದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ. ಡ್ಯುಯಲ್ ಕ್ಲಚ್ ಕೂಡ 2003ರಿಂದಲೇ ಸಾಮಾನ್ಯ ರಸ್ತೆ ಕಾರುಗಳಲ್ಲಿ ಇದೆ. ಅದರ ಮಿತಿಗಳನ್ನು ನಾನು ಅರಿಯದವನಲ್ಲ. ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್‌ನಲ್ಲಿ ಎಂಜಿನ್‌ಗೂ ಚಕ್ರಕ್ಕೂ ನಡುವೆ ಎಣ್ಣೆಯ ಸಂಪರ್ಕ ಸದಾ ಇರುವುದರಿಂದ ಬ್ರೇಕ್ ಬಿಟ್ಟೊಡನೆ ಕಾರು ತೆವಳುತ್ತದೆ, ಹೊರಡುವಾಗ ಎಂಜಿನ್‌ನ ತಿರುಚುಬಲವನ್ನು ಅದು ಸುಮಾರು ಎರಡು ಪಟ್ಟಿನವರೆಗೆ ಹೆಚ್ಚಿಸಿಯೂ ಕೊಡುತ್ತದೆ. ಡ್ಯುಯಲ್ ಕ್ಲಚ್‌ನಲ್ಲಿ ಆ ಅನುಕೂಲವಿಲ್ಲ. ನನ್ನ ಕಾರಿನಲ್ಲಿರುವಂಥ, ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ ತಟ್ಟೆಯನ್ನು ಸಾಫ್ಟ್‌ವೇರ್ ಜಾರಿಸುತ್ತಾ ಜಾರಿಸುತ್ತಾ ಹಿಡಿಸಬೇಕು, ಅವಸರ ಮಾಡಿದರೆ ತಟ್ಟೆ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಕ್ಲಚ್‌ನ ಆಯುಷ್ಯ ಕಾಪಾಡಲು ಮತ್ತು ಇಂಧನ ಉಳಿಸಲು ಸಾಫ್ಟ್‌ವೇರ್ ಹೊರಡುವಿಕೆಯನ್ನು ಮೆತ್ತಗೆ ಮಾಡುವುದು ಸಹಜ. ಆದರೆ ಮೆತ್ತಗೆ ಹೊರಡುವುದು ಬೇರೆ, ಹೊರಡದೆ ನಿಲ್ಲುವುದು ಬೇರೆ. ವಾರಂಟಿ ಅವಧಿಯಲ್ಲಿ ಕ್ಲಚ್ ಬದಲಿಸಬೇಕಾಗುವ ಖರ್ಚು ತಮ್ಮದು, ಅಡ್ಡರಸ್ತೆಯಲ್ಲಿ ನಿಲ್ಲುವ ಅಪಾಯ ನನ್ನದು ಎಂಬ ಹಂಚಿಕೆಗೆ ನಾನು ಕಾರು ಕೊಳ್ಳುವಾಗ ಒಪ್ಪಿಗೆ ಕೊಟ್ಟಿಲ್ಲ. ತಮ್ಮ ಕೈಪಿಡಿಯಲ್ಲಿ ಸೊನ್ನೆಯಿಂದ ನೂರು ಕಿಲೋಮೀಟರ್ ವೇಗ ತಲುಪಲು ಬೇಕಾದ ಸಮಯ ದೊಡ್ಡ ಅಕ್ಷರಗಳಲ್ಲಿದೆ. ಪೆಡಲ್ ಒತ್ತಿದ ಮೇಲೆ ಕಾರು ಅಲುಗಲು ಎಷ್ಟು ಸಮಯ ಬೇಕೆಂಬ ಮಾತು ಎಲ್ಲಿಯೂ ಇಲ್ಲ.

ಸ್ಪೋರ್ಟ್ ಮೋಡ್‌ನಲ್ಲಿ ಓಡಿಸಿ ಎಂಬ ಸಲಹೆಯನ್ನೂ ಪಾಲಿಸಿ ನೋಡಿದ್ದೇನೆ. ವಿಳಂಬ ಸ್ವಲ್ಪ ತಗ್ಗುತ್ತದೆ, ಆದರೆ ವಾಹನ ದಟ್ಟಣೆಯಲ್ಲಿ ಕೆಳಗಿನ ಗೇರ್‌ನಲ್ಲೇ ಕೂಗುತ್ತಾ ಸಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಉರುಳುತ್ತಿರುವಾಗಿನ ತಡವರಿಕೆ ಅದರಲ್ಲಿಯೂ ಪೂರ್ತಿ ಹೋಗಿಲ್ಲ. ಲಗತ್ತಿಸಿರುವ ತುಣುಕುಗಳಲ್ಲಿ ಕೊನೆಯ ನಾಲ್ಕು ಆ ಮೋಡ್‌ನಲ್ಲಿ ತೆಗೆದವು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ತಮ್ಮ ತಾಂತ್ರಿಕ ವಿಭಾಗದ ಎಂಜಿನಿಯರ್ ಒಬ್ಬರು, ನಾನು ಕಾರಿನಲ್ಲಿ ಇರುವಾಗಲೇ, ಪೆಡಲ್‌ನ ಸ್ಥಾನ, ಎಂಜಿನ್ ಸುತ್ತು, ಎರಡೂ ಕ್ಲಚ್‌ಗಳ ಸ್ಥಿತಿ ಮತ್ತು ಆಯ್ಕೆಯಾದ ಗೇರ್ ಇವನ್ನು ಒಟ್ಟಿಗೆ ದಾಖಲಿಸುತ್ತಾ ಕಾರನ್ನು ಓಡಿಸಿ ಪರೀಕ್ಷಿಸಬೇಕು. ಆ ಪರೀಕ್ಷೆಯಲ್ಲಿ ತಣ್ಣಗಿನ ಎಂಜಿನ್‌ನ ಹೊರಡುವಿಕೆಯೂ, ಗಂಟೆಗೆ ಐದರಿಂದ ಹತ್ತು ಕಿಲೋಮೀಟರ್ ವೇಗದಲ್ಲಿ ಉರುಳುತ್ತಾ ಮತ್ತೆ ವೇಗ ಹಿಡಿಯುವುದೂ ಸೇರಿರಬೇಕು. ನನ್ನ ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್ ಘಟಕಗಳಲ್ಲಿರುವ ಸಾಫ್ಟ್‌ವೇರ್ ಯಾವ ಆವೃತ್ತಿಯದು, ಅದಕ್ಕಿಂತ ಹೊಸದು ಲಭ್ಯವಿದೆಯೇ, ಇದ್ದರೆ ಮೂರು ಭೇಟಿಗಳಲ್ಲಿ ಏಕೆ ಹಾಕಲಿಲ್ಲ ಎಂಬುದನ್ನು ತಿಳಿಸಬೇಕು. ಅಡಾಪ್ಟೇಷನ್ ಹನ್ನೆರಡು ದಿನಗಳಲ್ಲಿ ಏಕೆ ಕೆಟ್ಟಿತು ಎಂಬುದಕ್ಕೆ ಕಾರಣ ಬೇಕು, ಮತ್ತೊಮ್ಮೆ ಅಡಾಪ್ಟೇಷನ್ ಅಲ್ಲ. ಕ್ಲಚ್‌ಗಳಲ್ಲಿ ದೋಷ ಕಂಡುಬಂದರೆ ವಾರಂಟಿಯಡಿ ಬದಲಿಸಿಕೊಡಬೇಕು.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ 1.9 ಸೆಕೆಂಡುಗಳ ವಿಳಂಬ ಸಾಮಾನ್ಯವೇ ಎಂಬುದು ತಮ್ಮ ಸಂಸ್ಥೆಯ ನಿಲುವಾಗಿದ್ದರೆ, ಆ ಅಂಕಿಯನ್ನೇ ನಮೂದಿಸಿ, ಜವಾಬ್ದಾರಿಯುತ ಅಧಿಕಾರಿಯ ಸಹಿಯೊಂದಿಗೆ ಲಿಖಿತವಾಗಿ ತಿಳಿಸಿ. ‘ಸಾಮಾನ್ಯ’ ಎಂಬ ಒಂದು ಪದದ ಜಾಬ್ ಕಾರ್ಡ್ ಅನ್ನು ನಾನು ಉತ್ತರವೆಂದು ಸ್ವೀಕರಿಸಲಾರೆ. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಪರೀಕ್ಷೆಯ ದಿನಾಂಕ ತಿಳಿಸಿದರೆ ಕಾರನ್ನು ಹಿಂದಿನ ಸಂಜೆಯೇ ತಂದು ನಿಲ್ಲಿಸುತ್ತೇನೆ, ಬೆಳಗಿನ ಪರೀಕ್ಷೆಗೆ ಎಂಜಿನ್ ತಣ್ಣಗಿರಲಿ ಎಂಬ ಕಾರಣಕ್ಕೆ. ಉತ್ತರ ಬಾರದಿದ್ದರೆ ಇದೇ ಪತ್ರ, ಇದೇ ಲಗತ್ತುಗಳೊಂದಿಗೆ ಗ್ರಾಹಕರ ವ್ಯಾಜ್ಯಗಳನ್ನು ವಿಚಾರಿಸುವ ಪ್ರಾಧಿಕಾರದ ಮುಂದೆ ಹೋಗುತ್ತದೆ.

ತಮ್ಮ ವಿಶ್ವಾಸಿ,
ವಾಹನದ ನೋಂದಾಯಿತ ಮಾಲೀಕ