ಫ್ಲ್ಯಾಟ್ ಮಾರೋ ಮುಂಚೆ ಲೀಕೇಜ್ ನಿಲ್ಸಿ

ಸಂಪಾದಕರಿಗೆ ನಮಸ್ಕಾರ,

ಮುಂಬೈ ಹತ್ರದ ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆ ಮಾರೋಕೆ ಹೊರಟಾಗ ಕಿಚನ್ ಪೂರ್ತಿ ಮಾಡ್ಯುಲರ್ ಮಾಡ್ಸಿ ಅಂತ ಏಜೆಂಟ್ ಒಂದೇ ಸಮ ಹೇಳ್ತಿದ್ರು, ನಾವು ಮಾಡ್ಸಿಲ್ಲ, ಒಳ್ಳೇದೇ ಆಯ್ತು, ಯಾಕಂದ್ರೆ ಮನೆ ನೋಡೋಕೆ ಬಂದವರೆಲ್ಲ ಮೊದ್ಲು ಕತ್ತೆತ್ತಿ ನೋಡಿದ್ದು ಬಾತ್‌ರೂಮ್ ಸೀಲಿಂಗಿನ ತೇವದ ಕಲೆನ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಬರೀ ಪೇಂಟ್ ಬಳಿದು ಮುಚ್ಚಿದ್ರೆ ಮುಂದಿನ ಮಳೆಗೆ ಮತ್ತೆ ಉಬ್ಬುತ್ತೆ, ಕೊಂಡವರಿಗೆ ಮೋಸ ಅಲ್ವಾ? ಮೇಲಿನ ಮನೆಯವರನ್ನ ಒಪ್ಪಿಸಿ ಅವರ ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಮಾಡ್ಸಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ ತಿಳಿ ಬಣ್ಣ ಹೊಡೆಸಿದ್ವಿ. ಆಮೇಲೆ ಸೋರೋ ನಲ್ಲಿ, ಕಿರುಗುಟ್ಟೋ ಬಾಗಿಲು ಅಷ್ಟೇ. ಉಳಿದ ದುಡ್ಡು ಸೊಸೈಟಿ (ಫ್ಲ್ಯಾಟ್ ಮಾಲೀಕರ ಸಹಕಾರ ಸಂಘ) ಬಾಕಿಗೆ ಆಯ್ತು. ಹಾಂ, ಇಲ್ಲಿ ಮಹಾರಾಷ್ಟ್ರದಲ್ಲಿ ಫ್ಲ್ಯಾಟ್‌ನ ಕೊಂಡವರ ಹೆಸರಿಗೆ ಮಾಡಿಕೊಡೋಕೆ ಟ್ರಾನ್ಸ್‌ಫರ್ ಪ್ರೀಮಿಯಂ ಅಂತ ಸೊಸೈಟಿಯವರು 25,000 ರೂಪಾಯಿಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಕೇಳಿದ್ರೆ ದಯವಿಟ್ಟು ಕೊಡ್ಬೇಡಿ.

– ಓದುಗ, ಡೊಂಬಿವಲಿ